ಎತ್ತ ಹೋಗಬೇಕೋ ಆ ಕಾಲು

ಹಾರುವವರ ಹೆಸರು ಹೇಳಲು ಲೋಕಕ್ಕೆ ನಾಲಿಗೆ ಸಲೀಸಾಗಿ ಹೊರಳುತ್ತದೆ. ಹಾರುವ ಮೊದಲು ಅವರನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಕೈಗೊಂದು, ಕಾಲಿಗೊಂದು, ಕಣ್ಣಿಗೊಂದು, ಕಿವಿಗೊಂದು ಕೆಲಸ ಹಂಚಿಕೊಟ್ಟು ಪಳಗಿಸುವವರ ಹೆಸರು ಅಷ್ಟು ಸುಲಭವಾಗಿ ಯಾರ ಬಾಯಿಗೂ ಬರುವುದಿಲ್ಲ. ಸೇನಾಧಿಕಾರಿಗಳ ಆಯ್ಕೆಗೂ ವಿಮಾನ ಚಾಲಕರ ಸಾಮರ್ಥ್ಯ ಪರೀಕ್ಷೆಗೂ ಮಕ್ಕಳನ್ನು ಸಿದ್ಧಪಡಿಸುವ ವಿದ್ಯೆಯಲ್ಲಿ ತಮ್ಮ ಇಡೀ ಆಯುಷ್ಯವನ್ನು ಸವೆಸಿ, ಈ ತಿಂಗಳು ನಿವೃತ್ತರಾಗುತ್ತಿರುವ ಗಾಳಿ ಮೇಷ್ಟ್ರು ಅಂಥವರಲ್ಲಿ ಅಗ್ರಗಣ್ಯರು. ಈ ಸಂಪುಟದಲ್ಲಿ ಅವರ ಪಾಂಡಿತ್ಯವನ್ನು ಬಲ್ಲವರು ಪಾಂಡಿತ್ಯದ ಬಗ್ಗೆ ಬರೆದಿದ್ದಾರೆ. ಈ ಲೇಖನದ ಪಾಲಿಗೆ ಬಂದಿರುವುದು ಅವರು ಮಾಡಿದ ಒಂದು ತಪ್ಪು. ಅಭಿನಂದನ ಗ್ರಂಥದಲ್ಲಿ ತಪ್ಪಿನ ಮಾತೇಕೆ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಿಕೊಂಡು ಕೊನೆಯವರೆಗೆ ಓದಬೇಕು.

ಮೇಷ್ಟ್ರು ಪ್ರೌಢಶಾಲೆಗೆ ವಿಜ್ಞಾನ ಹೇಳಿಕೊಡಲು ಬಂದವರು. ರೆಕ್ಕೆ ವಿಮಾನವನ್ನು ಹೇಗೆ ಎತ್ತುತ್ತದೆಂದು ತೋರಿಸಲು ಕಾಗದದ ಪಟ್ಟಿಯೊಂದನ್ನು ತುಟಿಗೆ ಹಿಡಿದು, ಅದು ಮೇಲೇಳುವ ತನಕ ಉಫ್ ಉಫ್ ಎಂದು ಊದುತ್ತಿದ್ದ ಕಾರಣಕ್ಕೆ ಹುಡುಗರು ಗಾಳಿ ಮೇಷ್ಟ್ರು ಎಂದು ಹೆಸರಿಟ್ಟರು. ತಮಾಷೆಗೆ ಇಟ್ಟ ಹೆಸರು ಹಾಜರಿ ಪುಸ್ತಕ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಖಾಯಂ ಆಯಿತು. ಶಾಲೆಯ ಹಿಂಭಾಗದಲ್ಲಿ ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಕೋಣೆಯೊಂದನ್ನು ಬೇಡಿ ಪಡೆದು, ಬೆಂಚುಗಳನ್ನು ಹೊರಗೆ ಹಾಕಿಸಿ, ಸುಣ್ಣ ಬಳಿಸಿ, ಸಂಜೆಯ ತರಗತಿ ಶುರುಮಾಡಿದರು. ಆ ಕೋಣೆಯಿಂದ ಎಷ್ಟು ಮಂದಿ ಅಧಿಕಾರಿಗಳಾಗಿ, ಚಾಲಕರಾಗಿ ಹೊರಬಿದ್ದರೆಂದು ಕೇಳಿದರೆ ಮೇಷ್ಟ್ರು, "ಕೋಳಿ ಕೂಗೋಕೆ ಮುಂಚೆ ಮೊಟ್ಟೆ ಲೆಕ್ಕ ಹಾಕ್ಬಾರ್ದು, ಕೂಗಿದ ಮೇಲೂ ಹಾಕ್ಬಾರ್ದು" ಎಂದು ನಕ್ಕು ಮಾತು ತಪ್ಪಿಸುತ್ತಾರೆ.

ಅವರ ಪಾಠದ ಕ್ರಮವೇ ಬೇರೆ. ವಿಮಾನದ ಮುಂಭಾಗದಲ್ಲಿ ದಿಗಂತ ತೋರಿಸುವ ಒಂದು ದುಂಡನೆಯ ಗಾಜು ಇರುತ್ತದೆ. ವಿಮಾನ ಬಲಕ್ಕೆ ವಾಲಿದರೆ ಆ ಗಾಜಿನೊಳಗಿನ ಗೆರೆ ಎಡಕ್ಕೆ ವಾಲಿದಂತೆ ಕಾಣುತ್ತದೆ. ಹೊಸಬರೆಲ್ಲರೂ ಇಲ್ಲಿ ಎಡವುತ್ತಾರೆ, ಗೆರೆಯನ್ನೇ ರೆಕ್ಕೆ ಎಂದು ಭಾವಿಸಿ ತಿರುವುಮುರುವಾಗಿ ಉತ್ತರ ಬರೆಯುತ್ತಾರೆ. ಮೇಷ್ಟ್ರು ವಿವರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನೇ ಒಂದು ಪಕ್ಕಕ್ಕೆ ಬಾಗಿಸಿ ಹಿಡಿದು, "ಈಗ ವಾಲಿದ್ದು ಕಿಟಕಿಯೋ, ನೀನೋ?" ಎಂದು ಕೇಳುತ್ತಿದ್ದರು. ಕಿಟಕಿ ವಾಲಿದಂತೆ ಕಂಡು, ತಾನೇ ವಾಲಿದ್ದೇನೆಂದು ಹೊಳೆದ ಹುಡುಗ ಮತ್ತೆ ಆ ಪ್ರಶ್ನೆಯಲ್ಲಿ ತಪ್ಪಿದ್ದಿಲ್ಲ. "ಎದುರು ನಿಂತು ನೋಡಬೇಡ, ಕೂತು ನೋಡು" ಎಂಬುದು ಅವರ ಪಾಠದ ಮೊದಲ ಸಾಲು, ನಡುವಿನ ಸಾಲು, ಕಡೆಯ ಸಾಲು.

ಅವರ ಮಡದಿಯವರನ್ನು ನಾವೆಲ್ಲ ಅಮ್ಮ ಎಂದೇ ಕರೆಯುವುದು. ಆ ಕೋಣೆಯ ಅರ್ಧ ಭಾರ ಹೊತ್ತವರು ಅವರು. ಪರೀಕ್ಷೆಯಲ್ಲಿ ಎರಡು ಕಿವಿಗೂ ಎರಡು ಬೇರೆ ದನಿಗಳನ್ನು ಬಿಟ್ಟು, ಒಂದು ದನಿ ಹೇಳಿದ್ದನ್ನು ಮಾತ್ರ ಮಾಡಬೇಕೆನ್ನುತ್ತಾರೆ. ಅದರ ಅಭ್ಯಾಸಕ್ಕೆಂದು ಮೇಷ್ಟ್ರು ಒಂದು ಕಿವಿಯ ಬಳಿ ಅಂಕಿಗಳನ್ನು ಓದುತ್ತಿದ್ದರೆ, ಅಮ್ಮ ಇನ್ನೊಂದು ಕಿವಿಯ ಬಳಿ ಮನೆಯಲ್ಲಿ ಮುಗಿದುಹೋದ ಸಾಮಾನುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಅಮ್ಮನ ದನಿಯನ್ನು ಕಿವಿಗೆ ಹಾಕಿಕೊಳ್ಳದ ವಿದ್ಯೆಯಲ್ಲಿ ತಮಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸವಿದೆ ಎಂದು ಮೇಷ್ಟ್ರು ಹೇಳುವುದೂ, "ಅದಕ್ಕೇ ಮೂರು ದಿನದಿಂದ ಸಕ್ಕರೆ ಇಲ್ಲ" ಎಂದು ಅಮ್ಮ ಅನ್ನುವುದೂ ವಾಡಿಕೆ. ಅಧಿಕಾರಿಗಳ ಸಂದರ್ಶನದ ಅಭ್ಯಾಸ ನಡೆಯುವಾಗ ಮಂಡಳಿಯ ಅಧ್ಯಕ್ಷ ಸ್ಥಾನವೂ ಅಮ್ಮನದೇ. ನಾಯಕತ್ವದ ಬಗ್ಗೆ ಉದ್ದುದ್ದ ಉತ್ತರ ಕಲಿತು ಬಂದವನನ್ನು ಪೂರ್ತಿ ಮಾತಾಡಗೊಟ್ಟು, ಕೊನೆಗೆ, "ಇವತ್ತು ಎದ್ದ ಮೇಲೆ ನಿನ್ನ ಹಾಸಿಗೆ ಮಡಿಸಿದ್ದು ಯಾರಪ್ಪ?" ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಬೆವೆತವರು ಇಂದು ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದಾರೆ.

ಮಾತು ತೊದಲುತ್ತಿದ್ದ ಒಬ್ಬನನ್ನು ಮೇಷ್ಟ್ರು ತಿಂಗಳುಗಟ್ಟಲೆ ತಮ್ಮ ಜೊತೆ ಸಂತೆಗೆ ಕರೆದೊಯ್ದು, ಚೌಕಾಸಿಯ ಕೆಲಸವನ್ನೆಲ್ಲ ಅವನಿಗೇ ಒಪ್ಪಿಸಿದ್ದುಂಟು. ಅವನು ತೊದಲುವಷ್ಟು ಹೊತ್ತೂ ತಾವು ಆಕಾಶ ನೋಡುತ್ತಾ ನಿಂತಿರುತ್ತಿದ್ದರು. ಜ್ವರ ಬಂದು ಮಲಗಿದವಳೊಬ್ಬಳ ಮನೆಗೆ ಹೋಗಿ, ಬಾಗಿಲ ಹೊರಗೇ ಕೂತು ಪಾಠ ಹೇಳಿ ಬಂದಿದ್ದುಂಟು. ಇಂಥವನ್ನು ಹೇಳುತ್ತಾ ಹೋದರೆ ಸಂಪುಟ ಎರಡಾಗುತ್ತದೆ. ಆದ್ದರಿಂದ ಚೂಟಿಯ ಸಂಗತಿಗೆ ಬರೋಣ.

ಚೂಟಿ ಸೈಕಲ್ ರಿಪೇರಿ ಅಂಗಡಿಯವರ ಮಗಳು. ಹೆಸರಿಗೆ ತಕ್ಕಂತೆ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಡೆಯುವುದಕ್ಕೆ ಮೊದಲೇ ಪೆಡಲು ತುಳಿದವಳು ಎಂದು ಅವಳಪ್ಪ ಹೇಳಿಕೊಳ್ಳುತ್ತಿದ್ದರು. ಬರಹದ ಪರೀಕ್ಷೆಯನ್ನು ಅವಳು ನೀರು ಕುಡಿದಂತೆ ಮುಗಿಸಿದಳು. ಉಳಿದದ್ದು ಆಯ್ಕೆ ಕೇಂದ್ರದಲ್ಲಿ ನಡೆಯುವ ಯಂತ್ರದ ಪರೀಕ್ಷೆ: ಪರದೆಯ ಮೇಲೆ ಓಡಾಡುವ ಚುಕ್ಕೆಯನ್ನು ಕೈಯ ಹಿಡಿಯಿಂದಲೂ ಕಾಲಿನ ಪೆಡಲುಗಳಿಂದಲೂ ಹಿಂಬಾಲಿಸಬೇಕು, ಅದೇ ಹೊತ್ತಿಗೆ ಕಿವಿಗೆ ಬೀಳುವ ಆಜ್ಞೆಗಳನ್ನೂ ಪಾಲಿಸಬೇಕು. ಈ ಪರೀಕ್ಷೆಯ ನಿಯಮ ಕಠೋರವಾದುದು. ಒಬ್ಬರಿಗೆ ಇಡೀ ಜೀವಮಾನದಲ್ಲಿ ಒಂದೇ ಸಲ. ಕರೆ ಬಂದ ಮೇಲೆ ಹೋಗದಿದ್ದರೂ ಹೋಗಿ ಸೋತಂತೆಯೇ ಲೆಕ್ಕ. ಆ ಸಲ ಮೇಷ್ಟ್ರ ಕೋಣೆಯಿಂದ ಕರೆ ಬಂದದ್ದು ಅವಳೊಬ್ಬಳಿಗೇ.

ಅಭ್ಯಾಸಕ್ಕೆಂದು ಮೇಷ್ಟ್ರು ತಾವೇ ಒಂದು ಯಂತ್ರ ಕಟ್ಟಿದ್ದರು. ಗುಜರಿಗೆ ಹೋಗಬೇಕಿದ್ದ ಹೊಲಿಗೆ ಯಂತ್ರಗಳಿಂದ ಬಿಚ್ಚಿದ ಎರಡು ಪೆಡಲು, ಬಾವಿಯ ರಾಟೆಯಂಥ ಸಣ್ಣ ರಾಟೆಗಳು, ನೈಲಾನ್ ಹಗ್ಗ. ಕುರ್ಚಿಯ ಎದುರಿಗೆ ನಿಲ್ಲಿಸಿದ ಹಲಗೆಯ ಸೀಳಿನಲ್ಲಿ ಆಚೀಚೆ ಸರಿಯುವ ಒಂದು ರಟ್ಟಿನ ವಿಮಾನ. ಎಡಗಾಲು ಒತ್ತಿದರೆ ಅದು ಎಡಕ್ಕೆ ಸರಿಯಬೇಕು, ಬಲಗಾಲು ಒತ್ತಿದರೆ ಬಲಕ್ಕೆ. ನಿಜವಾದ ವಿಮಾನದ ನಡೆಯೂ ಅದೇ. ಚೂಟಿ ಆ ಕುರ್ಚಿಯಲ್ಲಿ ಕೂರುವ ಕೆಲವೇ ದಿನ ಮೊದಲು ಹಳೆಯ ಹಗ್ಗ ಸವೆದು ತುಂಡಾಗಿತ್ತು. ಮೇಷ್ಟ್ರು ಹೊಸದನ್ನು ಕಟ್ಟಿದರು. ಕಟ್ಟಿದವರು ಹಲಗೆಯ ಹಿಂದೆ, ಕುರ್ಚಿಗೆ ಮುಖ ಮಾಡಿ ನಿಂತಿದ್ದರು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, "ಎಡಗಾಲು ಒತ್ತು" ಎಂದರು. ಅಮ್ಮ ಒತ್ತಿದರು. ಸೀಳಿನಲ್ಲಿ ವಿಮಾನವನ್ನು ಹಿಂದಿನಿಂದ ಹಿಡಿದಿದ್ದ ಕೊಕ್ಕೆ ಎಡಕ್ಕೆ ಸರಿಯಿತು, ಮೇಷ್ಟ್ರ ಎಡಕ್ಕೆ. "ಸರಿಯಾಯ್ತು, ಏಳು" ಎಂದರು. ಎದುರು ನಿಂತವರ ಎಡ, ಕೂತವರ ಬಲ ಎಂಬುದನ್ನು ಊರಿಗೆಲ್ಲ ಹೇಳಿಕೊಟ್ಟವರಿಗೆ ಆ ಗಳಿಗೆ ಅದು ಹೊಳೆಯಲಿಲ್ಲ. ವಿಮಾನ ಬಲಕ್ಕೆ ಸರಿದದ್ದನ್ನು ಅಮ್ಮ ಕಂಡಿದ್ದರು. "ಮೇಷ್ಟ್ರೇ ಸರಿ ಅಂದ ಮೇಲೆ ನಾನ್ಯಾಕೆ ಮೂಗು ತೂರಿಸ್ಲಿ ಅಂತ ಸುಮ್ಮನಾದೆ" ಎಂದು ಆಮೇಲೆ ಹೇಳಿದರು.

ಚೂಟಿಗಾದರೂ ಗೊತ್ತಾಗಬಾರದಿತ್ತೇ ಎಂದರೆ, ಅವಳು ಸೈಕಲ್ಲಿನ ಕೂಸು. ಸೈಕಲ್ಲಿನ ಹ್ಯಾಂಡಲ್ಲಿನ ಬಲಗಡೆಯನ್ನು ಮುಂದಕ್ಕೆ ತಳ್ಳಿದರೆ ಚಕ್ರ ಎಡಕ್ಕೆ ತಿರುಗುತ್ತದೆ. ಯಂತ್ರದ ಪೆಡಲೂ ಹಾಗೇ ನಡೆದುಕೊಂಡಾಗ ಅವಳಿಗೆ ವಿಚಿತ್ರವೆನಿಸಲಿಲ್ಲ, ತವರುಮನೆಗೆ ಬಂದಂತಾಯಿತು. ಬೇರೆಯವರು ತಿಂಗಳಲ್ಲಿ ಕಲಿಯುವುದನ್ನು ಒಂದೇ ವಾರದಲ್ಲಿ ಕಲಿತಳು. ಆಮೇಲೆ ದಿನವೂ ಅದನ್ನೇ ಅರೆದು ಕುಡಿದಳು. ವಿಮಾನದ ಮೇಲೇ ಕಣ್ಣಿಟ್ಟಿದ್ದ ಮೇಷ್ಟ್ರು, ಒತ್ತಿದ್ದು ಯಾವ ಕಾಲೆಂದು ನೋಡದೆ, ಅವಳ ಕಾಲಿನ ಚುರುಕನ್ನು ಹೊಗಳಿದ್ದೇ ಹೊಗಳಿದ್ದು.

ಪರೀಕ್ಷೆಗೆ ಒಂದು ವಾರ ಉಳಿದಿದ್ದಾಗ ಹಳೆಯ ಶಿಷ್ಯರೊಬ್ಬರು ರಜೆಯ ಮೇಲೆ ಬಂದರು. ವಿಮಾನ ಹಾರಿಸುವವರು, ಕಿರಿಯರಿಗೆಲ್ಲ ಹಿರಿಯಣ್ಣ. ಹಳೆಯ ನೆನಪಿಗೆ ಕುರ್ಚಿಯಲ್ಲಿ ಕೂತು ಪೆಡಲು ಒತ್ತಿದರು. ರಟ್ಟಿನ ವಿಮಾನ ಹೋಗಬೇಕಾದ ಕಡೆಗೆ ಬೆನ್ನು ಹಾಕಿ ಹಲಗೆಯ ಅಂಚಿಗೆ ಹೋಗಿ ಬಡಿಯಿತು. "ಏನ್ ಮೇಷ್ಟ್ರೇ, ನಿಮ್ಮ ವಿಮಾನಕ್ಕೆ ವಯಸ್ಸಾಯ್ತಾ? ಎಡಕ್ಕೆ ಅಂದ್ರೆ ಬಲಕ್ಕೆ ಹೋಗ್ತಿದೆ" ಎಂದು ಹಿರಿಯಣ್ಣ ನಕ್ಕರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಇಬ್ಬರು ಮಾತ್ರ ನಗಲಿಲ್ಲ.

ಮೇಷ್ಟ್ರು ಹಲಗೆಯ ಹಿಂದೆ ಹೋಗಿ ಹಗ್ಗ ನೋಡಿದರು. ಮುಂದೆ ಬಂದು ಕುರ್ಚಿಯಲ್ಲಿ ಕೂತು ಎಡಗಾಲು ಒತ್ತಿದರು. ಒಮ್ಮೆ ಸಾಲದೆಂದು ಇನ್ನೊಮ್ಮೆ ಒತ್ತಿದರು. ಹಿರಿಯಣ್ಣ ಅವರನ್ನು ಬಾಗಿಲ ಬಳಿಗೆ ಕರೆದು, "ಅಲ್ಲಿನ ಯಂತ್ರ ಬೇರೆ ಥರ ಇರುತ್ತೆ ಅಂತ ಹೇಳ್ಬಿಡಿ ಸಾಕು, ಹುಡುಗಿ ಧೈರ್ಯ ಕೆಡೋದು ಬೇಡ" ಎಂದು ಪಿಸುಗುಟ್ಟಿದರು. ಮೇಷ್ಟ್ರು ಆಗದೆಂದು ತಲೆಯಾಡಿಸಿ, ಎಲ್ಲರ ಎದುರಿಗೇ ಚೂಟಿಯ ಮುಂದೆ ಬಂದು ನಿಂತರು.

"ತಪ್ಪು ನಂದು ಕಣಮ್ಮ. ಹಗ್ಗ ಕಟ್ಟುವಾಗ ಎದುರು ನಿಂತು ನೋಡ್ದೆ, ಕೂತು ನೋಡ್ಲಿಲ್ಲ. ನಿನ್ನ ಕಾಲಿಗೆ ಸುಳ್ಳು ಕಲಿಸಿದ್ದೀನಿ."

ಗುರುಗಳು ತಪ್ಪು ತಿದ್ದುವುದನ್ನು ಚೂಟಿ ಬೇಕಾದಷ್ಟು ಕಂಡಿದ್ದಳು. ಗುರುಗಳೊಬ್ಬರು ತಮ್ಮ ತಪ್ಪನ್ನು ಹೀಗೆ ಹೆಸರು ಹಿಡಿದು, ನೆಪವಿಲ್ಲದೆ, ಮಗಳ ವಯಸ್ಸಿನವಳೊಬ್ಬಳ ಮುಂದೆ ಇಡುವುದನ್ನು ಕಂಡಿರಲಿಲ್ಲ. ಭಯಕ್ಕಿಂತ ಮೊದಲು ಬೆರಗು ಬಂತು, ಭಯ ಮನೆಗೆ ಹೋದ ಮೇಲೆ ಬಂತು ಎಂದು ಅವಳು ಇಂದಿಗೂ ಹೇಳುತ್ತಾಳೆ.

ಸಂಜೆ ಅವಳಪ್ಪ ಬಂದರು, ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ.

"ನನ್ನ ಮಗಳಿಗೆ ಇರೋದು ಒಂದೇ ಸಲ, ಮೇಷ್ಟ್ರೇ."

"ಗೊತ್ತು."

"ಗೊತ್ತು ಅಂದ್ಬಿಟ್ರೆ ಆಯ್ತಾ?"

"ಆಗಲ್ಲ" ಎಂದರು ಮೇಷ್ಟ್ರು. ಅಪ್ಪನಿಗೆ ಜಗಳವಾಡಲು ಎದುರಾಳಿಯೇ ಸಿಗಲಿಲ್ಲ. ಅಮ್ಮ ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು ಹೊರಟುಹೋದರು.

ಹಗ್ಗ ಸರಿಪಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಕಾಲು ಸರಿಪಡಿಸುವುದೇ ಕಷ್ಟವಾಯಿತು. ಉಲ್ಟಾ ಮಾಡಬೇಕು ಎಂದು ಚೂಟಿ ನೆನೆದಾಗಲೆಲ್ಲ ಕಾಲು ಯೋಚನೆಗೆ ಬೀಳುತ್ತಿತ್ತು, ಕಾಲು ಯೋಚಿಸುವಷ್ಟರಲ್ಲಿ ವಿಮಾನ ಅಂಚಿಗೆ ಹೋಗಿ ಬಡಿಯುತ್ತಿತ್ತು. ಕಿವಿಗೆ ಎರಡು ದನಿ ಬಿಟ್ಟರಂತೂ ಅವಳು ಹಳೆಯ ಚಾಳಿಗೇ ಜಾರುತ್ತಿದ್ದಳು. ಎರಡು ದಿನ ಹಾಗೇ ಹೋದವು. ಮೂರನೆಯ ದಿನ ಅವಳು ಬರುವಷ್ಟರಲ್ಲಿ ಮೇಷ್ಟ್ರು ಕೋಣೆಯನ್ನೇ ಬದಲಾಯಿಸಿದ್ದರು. ಕುರ್ಚಿಯನ್ನು ಎದುರು ಗೋಡೆಗೆ ಸಾಗಿಸಿ, ಎತ್ತರಿಸಿ, ಹಲಗೆಗೆ ಬೇರೆ ಬಣ್ಣ ಬಳಿದಿದ್ದರು. ಅವಳ ಚಪ್ಪಲಿಯನ್ನು ಬಾಗಿಲಲ್ಲೇ ಬಿಡಿಸಿ, ಲೇಸು ಕಟ್ಟುವ ಒಂದು ಜೊತೆ ಬಟ್ಟೆ ಬೂಟು ಕೊಟ್ಟರು.

"ಹಳೇದನ್ನ ಮರೆಯೋಕೆ ಹೋಗಬೇಡ, ಮರೆಯೋಕೆ ಹೋದಷ್ಟೂ ಅದು ನೆನಪಾಗುತ್ತೆ. ಅದು ಚಪ್ಪಲಿ ಯಂತ್ರ, ಅಲ್ಲೇ ಇರಲಿ. ಇದು ಬೂಟಿನ ಯಂತ್ರ. ಇದಕ್ಕೆ ಎಡ ಬಲ ಅನ್ನೋದೇ ಇಲ್ಲ. ಎತ್ತ ಹೋಗಬೇಕೋ ಆ ಕಾಲು. ಅಷ್ಟೇ."

ಪರೀಕ್ಷೆ ಮುಗಿಯುವ ತನಕ ಸೈಕಲ್ಲಿನ ಹ್ಯಾಂಡಲ್ ಮುಟ್ಟಕೂಡದೆಂದು ಅಪ್ಪಣೆಯಾಯಿತು. ಸೈಕಲ್ ಅಂಗಡಿಯವರ ಮಗಳು ಬೀದಿಯುದ್ದಕ್ಕೂ ನಡೆದು ಹೋಗುವುದನ್ನು ಕಂಡು, "ಏನಮ್ಮಾ, ಅಪ್ಪ ಅಂಗಡಿ ಮಾರಿದ್ರಾ?" ಎಂದು ಜನ ಛೇಡಿಸಿದರು. ಅಪ್ಪ ಅಂಗಡಿ ಮುಚ್ಚಿ ಅವಳ ಜೊತೆ ನಡೆದರು. ಪ್ರತಿದಿನವೂ ಅವಳು ಕೂರುವ ಮೊದಲು ಮೇಷ್ಟ್ರು ತಾವೇ ಕೂತು, ಎರಡೂ ಪೆಡಲು ಒತ್ತಿ ನೋಡಿ, ಎದ್ದು ಜಾಗ ಬಿಡುತ್ತಿದ್ದರು. ವಾರದ ಕೊನೆಗೆ ಕಾಲು ತಕ್ಕಮಟ್ಟಿಗೆ ಮಾತು ಕೇಳತೊಡಗಿತ್ತು. ತಕ್ಕಮಟ್ಟಿಗೆ ಎಂಬುದು ಸಾಲದೆಂದು ಇಬ್ಬರಿಗೂ ಗೊತ್ತಿತ್ತು.

ಚೂಟಿ ಒಬ್ಬಳೇ ರೈಲು ಹತ್ತಿದಳು. ಮಾರನೆಯ ದಿನ ಆಯ್ಕೆ ಕೇಂದ್ರದ ತಣ್ಣನೆಯ ಕೋಣೆಯಲ್ಲಿ, ಕಿವಿಗೆ ಯಂತ್ರ ಏರಿಸಿಕೊಂಡು, ಪೆಡಲುಗಳ ಮೇಲೆ ಕಾಲಿಟ್ಟಳು. ಮೊದಲ ಚುಕ್ಕೆಗೇ ಕಾಲು ತಪ್ಪಿತು. ಚುಕ್ಕೆ ಎಡಕ್ಕೆ ಓಡಿದರೆ ಬಲಗಾಲು ಒತ್ತಿಬಿಟ್ಟಿದ್ದಳು. ಬೂಟಿನೊಳಗೆ ಬೆರಳುಗಳನ್ನು ಬಿಗಿಯಾಗಿ ಮಡಚಿ ಬಿಟ್ಟಳು. ಕಾಲಿಗೆ ಬೂಟಿನ ಬಿಗಿ ತಾಕಿತು. ಆಮೇಲೆ ಕಾಲು ಮತ್ತೆ ಅವಳನ್ನು ಕೇಳಲಿಲ್ಲ, ಹೋಗಬೇಕಾದ ಕಡೆಗೇ ಹೋಯಿತು. ಸಂದರ್ಶನವೂ ಮುಗಿಯಿತು. ಮಧ್ಯಾಹ್ನ ಕಳೆದ ಮೇಲೆ ಗೆದ್ದವರ ಸಂಖ್ಯೆಗಳನ್ನು ಕೂಗಿದರು. ಅವಳ ಸಂಖ್ಯೆಯನ್ನೂ ಕೂಗಿದರು.

ಹೊರಗಿನಿಂದ ಅಪ್ಪನಿಗೆ ಫೋನ್ ಮಾಡಿ ಸುದ್ದಿ ತಿಳಿಸಲೆಂದು, ಗೆದ್ದವರಿಗೆ ಕೊಟ್ಟ ಚೀಟಿ ಹಿಡಿದು ಅವಳು ಗೇಟಿನತ್ತ ಓಡಿದಳು. ಗೇಟಿನ ಬಳಿ ಯಾರೋ ಕಾವಲುಗಾರನ ಜೊತೆ ವಾದಿಸುತ್ತಿದ್ದರು. ದನಿ ಗುರುತು ಸಿಕ್ಕಿ ಅವಳ ಕಾಲು ನಿಂತುಹೋಯಿತು. ಯಾರಿಗೂ ಹೇಳದೆ ಅವಳ ರೈಲಿನ ನಂತರದ ರೈಲಿಗೆ ಹೊರಟು ಬಂದಿದ್ದ ಮೇಷ್ಟ್ರು ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದರು. ಕೈಚೀಲದಲ್ಲಿ ತಂದಿದ್ದ ಹಗ್ಗವನ್ನೂ ಎರಡು ರಾಟೆಗಳನ್ನೂ ಗೇಟಿನ ಸರಳಿಗೆ ಕಟ್ಟಿ, ಹೇಗೆ ಕಟ್ಟಬೇಕಿತ್ತು, ತಾವು ಕಟ್ಟಿದ್ದು ಹೇಗೆ ಎಂದು ಎಳೆದೆಳೆದು ತೋರಿಸುತ್ತಿದ್ದರು. ಗದ್ದಲ ಕೇಳಿ ಹೊರಬಂದಿದ್ದ ಅಧಿಕಾರಿಯೊಬ್ಬರು ಕೈಕಟ್ಟಿ ನೋಡುತ್ತಿದ್ದರು.

"ಯಜಮಾನ್ರೇ, ಬೆಳಿಗ್ಗೆಯಿಂದ ಹೇಳ್ತಿದ್ದೀನಿ, ಒಬ್ರಿಗೆ ಒಂದೇ ಸಲ" ಎಂದ ಕಾವಲುಗಾರ, ಸೋತ ದನಿಯಲ್ಲಿ.

"ಅದನ್ನೇ ನಾನೂ ಹೇಳ್ತಿರೋದು" ಎಂದರು ಮೇಷ್ಟ್ರು ಅಧಿಕಾರಿಯ ಕಡೆ ತಿರುಗಿ. "ಅವಳ ಒಂದು ಸಲವನ್ನ ನಾನು ಹಾಳು ಮಾಡಿದ್ದೀನಿ ಸ್ವಾಮಿ. ಇವತ್ತು ಅವಳು ಸೋತಿದ್ರೆ ಆ ಸೋಲನ್ನ ನನ್ನ ಹೆಸರಿಗೆ ಬರ್ಕೊಳ್ಳಿ. ಅವಳ ಸಲ ಅವಳಿಗೆ ವಾಪಸ್ ಕೊಡಿ. ನಾನಿನ್ನು ಈ ಪಾಠ ಹೇಳಲ್ಲ ಅಂತ ಬೇಕಾದ್ರೆ ಈಗಲೇ ಬರ್ಕೊಡ್ತೀನಿ."

ಅಧಿಕಾರಿ ಅವರ ಹಿಂದೆ ನಿಂತಿದ್ದ ಹುಡುಗಿಯನ್ನೂ ಅವಳ ಕೈಯ ಚೀಟಿಯನ್ನೂ ಕಂಡರು. ಬಾಯಿ ತೆರೆದರು. ಚೂಟಿ ಬೇಡವೆಂದು ಕೈಯಾಡಿಸಿದಳು. ಆ ಮಾತುಗಳನ್ನು ಅವಳಿಗೆ ಇನ್ನೂ ಸ್ವಲ್ಪ ಹೊತ್ತು ಕೇಳಬೇಕಿತ್ತು. ಪಾಠ ಹೇಳುವುದನ್ನು ಬಿಟ್ಟರೆ ಮೇಷ್ಟ್ರಿಗೆ ಬದುಕಿನಲ್ಲಿ ಬೇರೆ ಏನೂ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು, ಅದನ್ನೇ ಅವರು ಬಿಸಿಲಲ್ಲಿ ನಿಂತು ಅವಳಿಗಾಗಿ ಒತ್ತೆಯಿಡುತ್ತಿದ್ದರು. ಕೊನೆಗೆ ತಡೆಯಲಾರದೆ, "ಮೇಷ್ಟ್ರೇ" ಎಂದಳು.

ಮೇಷ್ಟ್ರು ತಿರುಗಿದರು. "ಬಾಮ್ಮ, ಒಳ್ಳೇ ಹೊತ್ತಿಗೆ ಬಂದೆ. ನೀನೇ ಹೇಳು ಇವ್ರಿಗೆ, ಹಗ್ಗ ಹೆಂಗಿತ್ತು ಅಂತ."

ಅವಳು ಚೀಟಿ ಚಾಚಿದಳು. ಮೇಷ್ಟ್ರು ಅದನ್ನು ನೋಡದೆಯೇ ಪಕ್ಕಕ್ಕೆ ಸರಿಸಿ, "ಅದಿರಲಿ, ಮೊದ್ಲು ಇವ್ರು ಒಪ್ಕೊಳ್ಳಲಿ" ಎಂದರು. ಅಧಿಕಾರಿಯೇ ಚೀಟಿ ತೆಗೆದುಕೊಂಡು ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಓದಿ ಮುಗಿಸಿದ ಮೇಲೆ ಮೇಷ್ಟ್ರು ಕಾವಲುಗಾರನ ಸ್ಟೂಲಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತರು. ಕಾವಲುಗಾರ ಸರಳಿಗೆ ಕಟ್ಟಿದ್ದ ಹಗ್ಗವನ್ನು ಒಂದೊಂದೇ ಗಂಟು ಬಿಚ್ಚಿ, ಸುತ್ತಿ, ಚೀಲಕ್ಕೆ ಹಾಕಿಕೊಟ್ಟ.

ಚೂಟಿ ಇಂದು ಯಾವ ಎತ್ತರಗಳಲ್ಲಿ ಹಾರುತ್ತಾಳೆಂಬುದನ್ನು ಹೇಳುವ ಅಧಿಕಾರ ಈ ಲೇಖನಕ್ಕಿಲ್ಲ. ಈ ಸಂಪುಟಕ್ಕೆ ಒಂದು ಮಾತು ಕೊಡೆಂದು ಕೇಳಿದಾಗ ಅವಳು ಹೇಳಿದ್ದಿಷ್ಟು: "ನಾನು ಗೆದ್ದೆ ಅಂತ ಜೊತೆಗೆ ನಿಂತವರು ಬೇಕಾದಷ್ಟು ಜನ ಸಿಕ್ಕಿದ್ರು. ನಾನು ಸೋತೆ ಅಂದ್ಕೊಂಡು ನನ್ನ ಪರವಾಗಿ ನಿಂತವರು ಅವರೊಬ್ಬರೇ." ಇದಕ್ಕಿಂತ ಮಿಗಿಲಾದ ಅಭಿನಂದನೆಯನ್ನು ಬರೆಯುವ ಶಕ್ತಿ ಶಿಷ್ಯವರ್ಗದ ಯಾರ ಲೇಖನಿಗೂ ಇದ್ದಂತಿಲ್ಲ.

ಸರಕಾರ ಮೇಷ್ಟ್ರಿಗೆ ವಿಶ್ರಾಂತಿ ಕೊಟ್ಟಿದೆ. ನಾವು ಕೊಡಲು ಸಿದ್ಧರಿಲ್ಲ, ಅವರಾದರೂ ತೆಗೆದುಕೊಳ್ಳಲು ಸಿದ್ಧರಿಲ್ಲವೆಂದು ಅಮ್ಮ ನಗುತ್ತಲೇ ದೂರುತ್ತಾರೆ. ಆ ದಂಪತಿಗಳ ಕಣ್ಣು, ಕಿವಿ, ಮೊಣಕಾಲು ಗಟ್ಟಿಯಾಗಿರಲಿ, ಸಂಜೆಯ ಪಾಠ ನಡೆಯುತ್ತಲೇ ಇರಲಿ, ಅವರ ಆಯುಷ್ಯ ಬಹಳ ದೀರ್ಘವಾಗಿರಲಿ. ಇದರಲ್ಲಿ ನಮ್ಮ ಸ್ವಾರ್ಥವೂ ಇದೆಯೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ. ನಮ್ಮ ಮಕ್ಕಳೂ ಒಂದು ದಿನ ಯಾವುದೋ ಬಾಗಿಲಿನ ಒಳಗೆ ಹೋಗುತ್ತಾರೆ, ಗೆಲ್ಲುತ್ತಾರೋ ಸೋಲುತ್ತಾರೋ ಯಾರು ಬಲ್ಲರು. ಅಂದು ಹೊರಗೆ ಮೇಷ್ಟ್ರು ನಿಂತಿರಲಿ.